ಹೂಂಗುಟ್ಟುವವರ ಕಾದಂಬರಿ: ಜಪಾನಿನ 'ದೆನ್ಶಾ ಒತೊಕೊ' ಮತ್ತು ಅಂತರ್ಜಾಲ ಬದುಕಿನ ಕಥನ

ಕಥೆ ಹೇಳುವವರು ಕಥೆಗೆ ತೊಡಗುವ ಮುನ್ನ ಕೇಳುಗರಲ್ಲಿ ಒಬ್ಬರಿಗೆ ಹೂಂಗುಟ್ಟುವ ಕೆಲಸವನ್ನು ಒಪ್ಪಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ಹೂಂಗುಟ್ಟುವುದು ನಿಂತರೆ ಕೇಳುವವರು ನಿದ್ದೆ ಹೋದರೆಂದು ತಿಳಿದು ಕಥೆಯನ್ನೂ ನಿಲ್ಲಿಸುತ್ತಾರೆ. ಈ 'ಹೂಂ' ಎಚ್ಚರದ ಗುರುತು ಮಾತ್ರವಲ್ಲ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಮೊಟಕುಗೊಳಿಸಬೇಕು, ಎಲ್ಲಿ ಹಾಡನ್ನು ತರಬೇಕು ಎಂಬುದನ್ನು ಹೇಳುವವರು ಈ ದನಿಯನ್ನು ಆಲಿಸಿಯೇ ನಿರ್ಧರಿಸುತ್ತಾರೆ. ಹೀಗಿದ್ದರೂ ನಮ್ಮ ಮುದ್ರಿತ ಜನಪದ ಕಥಾಸಂಕಲನಗಳಲ್ಲಿ ಹೂಂಗುಟ್ಟುವವರು ಕಾಣಿಸಿಕೊಳ್ಳುವುದು ಅಪರೂಪ. ವಕ್ತೃವಿನ ಹೆಸರು, ವಯಸ್ಸು, ಊರುಗಳು ಅನುಬಂಧದಲ್ಲಿ ದೊರೆಯುತ್ತವೆ. ಅಂದು ಆ ಜಗುಲಿಯಲ್ಲಿ ಕುಳಿತು ಕೇಳಿದವರು ಯಾರು, ನಡುವೆ ಏನೆಂದರು ಎಂಬುದು ದೊರೆಯುವುದಿಲ್ಲ.

2004ರಲ್ಲಿ ಜಪಾನಿನಲ್ಲಿ ಪ್ರಕಟವಾದ ಒಂದು ಕೃತಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಸ್ಥಿತಿಯನ್ನು ಕಾಣುತ್ತೇವೆ. ಅಲ್ಲಿ ಕಥೆ ಹೇಳುವವನು ಒಬ್ಬ. ಪುಟಗಳ ಬಹುಭಾಗವನ್ನು ತುಂಬಿರುವವರು ಕೇಳುಗರು. 'ದೆನ್ಶಾ ಒತೊಕೊ', ಅಂದರೆ 'ರೈಲಿನ ಗಂಡಸು', ಎಂಬ ಈ ಕೃತಿಯನ್ನು ಅಂತರ್ಜಾಲದ ಬದುಕನ್ನು ಕುರಿತ ಕಾದಂಬರಿಗಳ ಚರ್ಚೆಯಲ್ಲಿ ಆಗಾಗ ಹೆಸರಿಸಲಾಗುತ್ತದೆ. ಅದು ಕಾದಂಬರಿ ಹೌದೋ ಅಲ್ಲವೋ ಎಂಬ ಸಾಹಿತ್ಯ ವಿಮರ್ಶಕರ ಪ್ರಶ್ನೆಗಿಂತ, ಹೇಳಿದ್ದನ್ನು ಗ್ರಂಥವಾಗಿಸುವಾಗ ಏನು ನಡೆಯಿತು ಎಂಬ ಜಾನಪದ ಸಂಗ್ರಾಹಕನ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ.

ಕಾಣದವರೊಡನೆ ಯಂತ್ರದ ಮೂಲಕ ನಡೆಯುವ ಒಡನಾಟವು ಕಾದಂಬರಿಯ ವಸ್ತುವಾದದ್ದು ಗಣಕಯಂತ್ರಗಳ ಕಾಲದಲ್ಲಿ ಅಲ್ಲ. ಅಮೆರಿಕದ ಎಲಾ ಚೀವರ್ ಥೇಯರ್ ಎಂಬಾಕೆ 1879ರಲ್ಲಿಯೇ 'ವೈರ್ಡ್ ಲವ್' ಎಂಬ ಕಾದಂಬರಿಯನ್ನು ಬರೆದರು. ಲೇಖಕಿ ಸ್ವತಃ ತಂತಿ ಕಚೇರಿಯಲ್ಲಿ ಕೆಲಸ ಮಾಡಿದವರು. ಕಥೆಯ ನಾಯಕಿ ನ್ಯಾಟಿಯೂ ತಂತಿ ಕಚೇರಿಯವಳೇ. ದೂರದ ಇನ್ನೊಂದು ಕಚೇರಿಯಿಂದ 'ಸಿ' ಎಂಬ ಒಂದೇ ಅಕ್ಷರದ ಗುರುತಿನಿಂದ ಮಾತಾಡುವ ವ್ಯಕ್ತಿ ಗಂಡೋ ಹೆಣ್ಣೋ ಎಂಬುದು ಸಹ ಅವಳಿಗೆ ಮೊದಲಿಗೆ ತಿಳಿದಿರುವುದಿಲ್ಲ. ಸ್ನೇಹ ಬೆಳೆದ ಮೇಲೆ ಬೇರೊಬ್ಬನು ತಾನೇ 'ಸಿ' ಎಂದು ಹೇಳಿಕೊಂಡು ಎದುರಿಗೆ ಬಂದು ನಿಲ್ಲುತ್ತಾನೆ. ವೇಷ ಮರೆಸಿಕೊಂಡು ಬರುವ ಕಪಟಿ ನಮ್ಮ ಕಥೆಗಳಿಗೆ ಹಳಬ. ಹೊಸದು ತಂತಿ ಮಾತ್ರ. ಒಬ್ಬ ಲೇಖಕಿ ಒಂಟಿಯಾಗಿ ಕುಳಿತು ಬರೆದ ಕಾದಂಬರಿ ಇದು ಎಂಬುದನ್ನು ಮಾತ್ರ ಇಲ್ಲಿ ಗಮನದಲ್ಲಿಟ್ಟುಕೊಂಡರೆ ಸಾಕು.

ಜಪಾನಿನ 'ನಿ-ಚಾನೆರು' ಎಂಬ ತಾಣವನ್ನು ಹಿರೊಯುಕಿ ನಿಶಿಮುರಾ ಎಂಬ ವಿದ್ಯಾರ್ಥಿಯು ಅಮೆರಿಕದಲ್ಲಿ ಓದುತ್ತಿದ್ದ ಕಾಲದಲ್ಲಿ, 1999ರ ಮೇ ತಿಂಗಳಲ್ಲಿ ಆರಂಭಿಸಿದನು. 2017ರಲ್ಲಿ ಅದರ ಹೆಸರು 'ಗೊ-ಚಾನೆರು' ಎಂದು ಬದಲಾಯಿತು. ಅಲ್ಲಿ ಬರೆಯಲು ಹೆಸರು ನೋಂದಾಯಿಸಬೇಕಾಗಿರಲಿಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟವರಿಗೆ 'ಹೆಸರಿಲ್ಲದವರು' ಎಂಬ ಅರ್ಥದ ಗೌರವವಾಚಕ ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಬಹುಮಂದಿ ಅದನ್ನು ಖಾಲಿಯೇ ಬಿಡುತ್ತಿದ್ದರು. ಒಂದು ವಿಷಯವನ್ನು ಹಿಡಿದು ಬೆಳೆಯುವ ಬರಹಗಳ ಸಾಲನ್ನು 'ಎಳೆ' ಎನ್ನಬಹುದು. ಒಂದು ಎಳೆಗೆ ಒಂದು ಸಾವಿರ ಬರಹಗಳ ಮಿತಿ ಇತ್ತು; ಅದು ತುಂಬಿದೊಡನೆ ಯಾರಾದರೊಬ್ಬರು ಮುಂದಿನ ಎಳೆಯನ್ನು ತೆರೆಯಬೇಕಿತ್ತು. ವಿಷಯಾನುಸಾರ ವಿಂಗಡಿಸಿದ ಹಲವಾರು ವಿಭಾಗಗಳಲ್ಲಿ ಅವಿವಾಹಿತ ಗಂಡಸರದೂ ಒಂದು. 'ಒಂಟಿ' ಎಂಬ ಅರ್ಥದ 'ದೊಕು' ಮತ್ತು 'ವಿಷ' ಎಂಬ ಅರ್ಥದ 'ದೊಕು' ಜಪಾನಿ ಭಾಷೆಯಲ್ಲಿ ಉಚ್ಚಾರಣೆಯಲ್ಲಿ ಒಂದೇ ಆಗಿರುವುದರಿಂದ, ಅಲ್ಲಿ ಸೇರುತ್ತಿದ್ದವರು ತಮ್ಮನ್ನು 'ವಿಷದ ಗಂಡಸರು' ಎಂದು ಕರೆದುಕೊಂಡು ನಗುತ್ತಿದ್ದರು.

2004ರ ಮಾರ್ಚ್ 14ರ ರಾತ್ರಿ ಈ ವಿಭಾಗದಲ್ಲಿ ಒಬ್ಬನು ಅಂದು ರೈಲಿನಲ್ಲಿ ನಡೆದ ಸಂಗತಿಯನ್ನು ಬರೆದನು. ಕುಡಿದ ಮುದುಕನೊಬ್ಬ ಹೆಂಗಸರನ್ನು ಪೀಡಿಸುತ್ತಿದ್ದನು. ತಾನು ಅಂಜುಬುರುಕನಾದರೂ ಹೇಗೋ ಅಡ್ಡ ಹೋದೆನು. ಹೆಂಗಸರು ತನ್ನ ವಿಳಾಸವನ್ನು ಕೇಳಿ ಬರೆದುಕೊಂಡರು. ಕೆಲವು ದಿನಗಳ ಮೇಲೆ ಅವರಲ್ಲೊಬ್ಬಾಕೆ ಕೃತಜ್ಞತೆಯ ಕಾಣಿಕೆಯಾಗಿ ಚಹಾ ಬಟ್ಟಲುಗಳನ್ನು ಕಳುಹಿಸಿದಳು. ಅವು ಎರ್ಮೆಸ್ ಎಂಬ ಫ್ರೆಂಚ್ ಸಂಸ್ಥೆಯ ದುಬಾರಿ ಬಟ್ಟಲುಗಳಾಗಿದ್ದವು. ಅಲ್ಲಿಂದ ಮುಂದೆ ಆಕೆಯ ಹೆಸರೇ 'ಎರ್ಮೆಸ್' ಆಯಿತು, ಇವನ ಹೆಸರು 'ರೈಲಿನ ಗಂಡಸು' ಆಯಿತು. ಹೆಣ್ಣಿನೊಡನೆ ಮಾತಾಡಿ ಅಭ್ಯಾಸವಿಲ್ಲದ, ಚಿತ್ರಕಥೆ ಮತ್ತು ಗಣಕಯಂತ್ರಗಳ ಲೋಕದಲ್ಲಿ ಮುಳುಗಿದ್ದ ಈ 'ಒತಾಕು' ಯುವಕನು ಪ್ರತಿ ಹೆಜ್ಜೆಗೂ ಕೇಳತೊಡಗಿದನು: ದೂರವಾಣಿ ಕರೆ ಮಾಡಲೇ, ಏನೆಂದು ಮಾತು ತೆಗೆಯಲಿ, ಊಟಕ್ಕೆ ಎಲ್ಲಿಗೆ ಕರೆಯಲಿ, ಯಾವ ಬಟ್ಟೆ ತೊಡಲಿ? ಹೆಸರಿಲ್ಲದವರು ಉತ್ತರಿಸಿದರು. ಕೂದಲನ್ನು ಕತ್ತರಿಸಿಕೊಂಡು ಬಾ ಎಂದರು, ಕನ್ನಡಕವನ್ನು ಬಿಡು ಎಂದರು. ಅವನು ಹೋಗಿಬಂದು ವರದಿ ಒಪ್ಪಿಸಿದನು. ಮೇ ತಿಂಗಳಲ್ಲಿ ಅವನು ಆಕೆಗೆ ಪ್ರೀತಿಯನ್ನು ತಿಳಿಸಿ, ಆಕೆ ಒಪ್ಪಿಕೊಳ್ಳುವುದರೊಂದಿಗೆ ಕಥೆ ಮುಗಿಯುತ್ತದೆ.

ಕಥೆಯೆಂದು ನೋಡಿದರೆ ಇದರಲ್ಲಿ ಹೊಸದೇನೂ ಇಲ್ಲ. ವ್ಲಾದಿಮಿರ್ ಪ್ರೊಪ್ 1928ರಲ್ಲಿ ರಷ್ಯನ್ ಅದ್ಭುತ ಕಥೆಗಳನ್ನು ಬಿಡಿಸಿ ತೋರಿಸಿದ ರಚನೆಯೇ ಬಹುಮಟ್ಟಿಗೆ ಇಲ್ಲಿಯೂ ಇದೆ. ಯಾರೂ ಲೆಕ್ಕಕ್ಕಿಡದ ಹುಡುಗ, ಆಕಸ್ಮಿಕವಾಗಿ ಒದಗುವ ಪರೀಕ್ಷೆ, ದೊರೆಯುವ ವಸ್ತು, ರೂಪ ಬದಲಾವಣೆ, ಕೊನೆಗೆ ರಾಜಕುಮಾರಿ. ವಿಶೇಷವಿರುವುದು 'ಸಹಾಯಕ'ನ ಸ್ಥಾನದಲ್ಲಿ. ಜನಪದ ಕಥೆಗಳಲ್ಲಿ ಇರುವೆ, ಹದ್ದು, ಕಾಡಿನ ಮುದುಕಿ ಮಾಡುವ ಕೆಲಸವನ್ನು ಇಲ್ಲಿ ಕಥೆಯನ್ನು ಕೇಳುತ್ತಿರುವವರೇ ಮಾಡುತ್ತಾರೆ. ಕೇಳುಗರು ಕಥೆಯ ಪಾತ್ರಗಳಾಗಿ ನಾಯಕನ ಮುಂದಿನ ನಡೆಯನ್ನು ನಿರ್ಧರಿಸುವ ಇಂತಹ ಸಂದರ್ಭ ನಮ್ಮ ಕಥಾಪ್ರಪಂಚದಲ್ಲಿ ನನಗೆ ಕಂಡಿಲ್ಲ.

ಈ ಕೇಳುಗರ ಭಾಷೆಯನ್ನು ತುಸು ಹತ್ತಿರದಿಂದ ನೋಡಬೇಕು. ಅವರ ಎಳೆಗೆ ಒಂದು ರಣರಂಗದ ರೂಪಕವಿತ್ತು: ಸಂಗಾತಿಯನ್ನು ಪಡೆದವನ ಸುದ್ದಿ ಬಂದಾಗಲೆಲ್ಲ ಉಳಿದವರಿಗೆ ಬೆನ್ನಿನ ಹಿಂದಿನಿಂದ ಗುಂಡು ತಗುಲಿದಂತೆ, ಗಾಯಾಳುಗಳಿಗಾಗಿ ಸೇನೆಯ ವೈದ್ಯ ಸಿಬ್ಬಂದಿಯನ್ನು ಕೂಗುವಂತೆ ಅವರು ಬರೆಯುತ್ತಿದ್ದರು. ರೈಲಿನ ಗಂಡಸಿನ ಪ್ರತಿಯೊಂದು ಗೆಲುವೂ ಅವರಿಗೆ ಒಂದು ಬಾಂಬು ದಾಳಿ. ಅಕ್ಷರಗಳನ್ನೂ ವಿರಾಮ ಚಿಹ್ನೆಗಳನ್ನೂ ಜೋಡಿಸಿ ಬೆಕ್ಕು, ಸೈನಿಕ, ಸ್ಫೋಟಗಳ ಚಿತ್ರಗಳನ್ನು ಬಿಡಿಸುತ್ತಿದ್ದರು. ಇಂತಹ ಚಿತ್ರಗಳನ್ನು ಗ್ರಂಥದಲ್ಲಿಯೂ ಉಳಿಸಿಕೊಳ್ಳಲಾಗಿದೆ. ಪುನರುಕ್ತಿ, ಸೂತ್ರಬದ್ಧ ನುಡಿಗಟ್ಟು, ಎಲ್ಲರಿಗೂ ಗೊತ್ತಿರುವ ಸಂಕೇತ ಇವೆಲ್ಲ ಮೌಖಿಕ ಪರಂಪರೆಯ ಲಕ್ಷಣಗಳೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಇಲ್ಲಿ ಅವು ಬರಹದಲ್ಲಿ, ಒಬ್ಬರ ಮುಖವನ್ನೊಬ್ಬರು ಕಾಣದ ಜನರ ನಡುವೆ ಹುಟ್ಟಿವೆ. ಜಾನಪದವೆಂದರೆ ಸಣ್ಣ ಗುಂಪುಗಳೊಳಗಿನ ಕಲಾತ್ಮಕ ಸಂವಹನ ಎಂದು ಡಾನ್ ಬೆನ್-ಆಮೋಸ್ 1971ರಲ್ಲಿ ಹೇಳಿದಾಗ ಅವರ ಕಣ್ಣಮುಂದಿದ್ದುದು ಮುಖಾಮುಖಿ ಕುಳಿತ ಗುಂಪು. ಆ ವ್ಯಾಖ್ಯೆಯ 'ಸಣ್ಣ' ಎಂಬ ಮಾತನ್ನು ಕೈಬಿಡಬೇಕೋ, ಮುಖಾಮುಖಿಯ ನಿಯಮವನ್ನು ಕೈಬಿಡಬೇಕೋ ಎಂಬುದು ಈಗಲೂ ಇತ್ಯರ್ಥವಾಗದ ಚರ್ಚೆ.

ಹೆಸರಿಲ್ಲದವರ ಸರದಿ ರಚನೆ ಜಪಾನಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಸೂಚಿಸಬೇಕು. 'ರೆಂಗಾ' ಎಂಬ ಮಧ್ಯಕಾಲೀನ ಕಾವ್ಯಪ್ರಕಾರದಲ್ಲಿ ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯವನ್ನು ಕೂಡಿಸುತ್ತ ಸಾಮಾನ್ಯವಾಗಿ ನೂರು ಪದ್ಯಗಳವರೆಗೆ ಹೋಗುತ್ತಿದ್ದರು. ಇದರಲ್ಲಿಯೇ 'ಕಾಸಾಗಿ ರೆಂಗಾ' ಎಂಬ ಒಂದು ಬಗೆಯುಂಟು. ದೇವಾಲಯದ ಉತ್ಸವಗಳಲ್ಲಿ ದಾರಿಹೋಕರೂ ತಲೆಯ ಟೊಪ್ಪಿಗೆಯನ್ನು ತೆಗೆಯದೆ, ಮುಖ ಮರೆಸಿಕೊಂಡು, ನಿಂತಲ್ಲಿಂದಲೇ ಒಂದು ಪದ್ಯವನ್ನು ಸೇರಿಸಿ ಹೋಗಬಹುದಾಗಿತ್ತು. ಅಂತಸ್ತು ಕಟ್ಟುನಿಟ್ಟಾಗಿದ್ದ ಸಮಾಜದಲ್ಲಿ ಟೊಪ್ಪಿಗೆಯ ನೆರಳು ಆ ಹೊತ್ತಿನ ಮಟ್ಟಿಗೆ ಅಂತಸ್ತನ್ನು ಮರೆಸುತ್ತಿತ್ತು. ಕಲೆಯ ಕೂಟಗಳು ಜಪಾನಿನಲ್ಲಿ ಶ್ರೇಣೀಕರಣವನ್ನು ದಾಟುವ ಒಡನಾಟಕ್ಕೆ ಹೇಗೆ ಎಡೆಮಾಡಿಕೊಟ್ಟವು ಎಂಬುದನ್ನು ಸಮಾಜಶಾಸ್ತ್ರಜ್ಞೆ ಐಕೊ ಇಕೆಗಾಮಿ 2005ರ ತಮ್ಮ 'ಬಾಂಡ್ಸ್ ಆಫ್ ಸಿವಿಲಿಟಿ' ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಾಸಾಗಿ ರೆಂಗಾದಿಂದ ನಿ-ಚಾನೆರುವಿಗೆ ನೇರ ವಂಶಾವಳಿಯನ್ನು ಎಳೆಯುವ ಉತ್ಸಾಹ ನನಗಿಲ್ಲ. ಸಾದೃಶ್ಯ ಕಂಡಲ್ಲೆಲ್ಲ ಮೂಲವನ್ನು ಹುಡುಕಿ ನಮ್ಮ ಶಾಸ್ತ್ರ ಸಾಕಷ್ಟು ಎಡವಿದೆ.

ಇನ್ನು ಗ್ರಂಥದ ವಿಚಾರ. ಎಳೆಗಳಲ್ಲಿ ಹರಡಿಹೋಗಿದ್ದ ಬರಹಗಳನ್ನು ಆಯ್ದು ಒಂದು ತಾಣದಲ್ಲಿ ಸಂಕಲಿಸಲಾಯಿತು. ಅದನ್ನು ಆಧರಿಸಿ ಶಿಂಚೋಶಾ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆ 2004ರ ಅಕ್ಟೋಬರ್‌ನಲ್ಲಿ ಗ್ರಂಥವನ್ನು ಹೊರತಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2005ರಲ್ಲಿ ಚಲನಚಿತ್ರವೂ ಫುಜಿ ದೂರದರ್ಶನದ ಧಾರಾವಾಹಿಯೂ ಬಂದವು. ಒಂದಕ್ಕಿಂತ ಹೆಚ್ಚು ಚಿತ್ರಕಥಾ ರೂಪಗಳೂ ಬಂದವು. ಪಾಠಾಂತರಗಳ ವಿಷಯದಲ್ಲಿ ಯಾವ ಜನಪದ ಕಥೆಗೂ ಇದು ಕಡಿಮೆಯಲ್ಲ. ಕರ್ತೃವಿನ ಹೆಸರು 'ನಾಕಾನೊ ಹಿತೊರಿ'. ಅಂತಹ ವ್ಯಕ್ತಿ ಯಾರೂ ಇಲ್ಲ. ಕಿವಿಗೆ ಅದು 'ಒಳಗಿನವರಲ್ಲಿ ಒಬ್ಬ' ಎಂದು ಕೇಳಿಸುತ್ತದೆ. ಬರೆಯುವಾಗ ಬಳಸಿದ ಲಿಪಿಯಲ್ಲಿ 'ಒಂಟಿ' ಎಂಬ ಅರ್ಥದ ಅದೇ 'ದೊಕು' ಅಕ್ಷರವಿದೆ. ಅಂಕಿತವಿಲ್ಲದ ರಚನೆಗೆ ಸಮುದಾಯವನ್ನೇ ಅಂಕಿತವಾಗಿಸಿದ ಈ ಜಾಣತನವನ್ನು ಮೆಚ್ಚಲೇಬೇಕು. ಆದರೆ ಅದೇ ಜಾಣತನ ಇನ್ನೊಂದು ಸಂಗತಿಯನ್ನು ಮರೆಮಾಡುತ್ತದೆ. ಗ್ರಂಥಕ್ಕೆ ಕರ್ತೃ ಇಲ್ಲದಿರಬಹುದು, ಸಂಪಾದಕ ಇದ್ದಾನೆ.

ಎಳೆಗಳಲ್ಲಿ ಬಂದ ಒಟ್ಟು ಬರಹಗಳಲ್ಲಿ ಒಂದು ಸಣ್ಣ ಭಾಗ ಮಾತ್ರ ಗ್ರಂಥದಲ್ಲಿ ಉಳಿಯಿತು. ಅಷ್ಟನ್ನೂ ಅಚ್ಚು ಹಾಕುವುದು ಅಸಾಧ್ಯವೆಂಬುದು ನಿಜ, ಅದನ್ನು ಆಕ್ಷೇಪಿಸುತ್ತಿಲ್ಲ. ಬಿಟ್ಟದ್ದು ಯಾವುದು ಎಂಬುದು ಪ್ರಶ್ನೆ. ಅಸಂಬದ್ಧ ಮಾತು, ಅಶ್ಲೀಲ, ಬೈಗುಳ ಹೋದವು. ಅವುಗಳೊಡನೆ ಸಂದೇಹಪಟ್ಟವರ ಮಾತುಗಳೂ ಹೋದವು. ಇದೆಲ್ಲ ಕಟ್ಟುಕಥೆ, ಬಟ್ಟಲುಗಳೂ ಇಲ್ಲ ಹುಡುಗಿಯೂ ಇಲ್ಲ ಎಂದು ವಾದಿಸಿದವರು ಇದ್ದರು. ಗ್ರಂಥ ಪ್ರಕಟವಾದ ಮೇಲೆ ಇದೇ ಸಂದೇಹ ಜಪಾನಿನ ಪತ್ರಿಕೆಗಳಲ್ಲಿಯೂ ವ್ಯಾಪಕವಾಗಿ ಚರ್ಚೆಗೆ ಬಂದಿತು. ನಾಯಕ ನಾಯಕಿಯರು ಯಾರೆಂಬುದು ಸಾರ್ವಜನಿಕವಾಗಿ ಖಚಿತವಾಗಲೇ ಇಲ್ಲ.

ಐತಿಹ್ಯವೆಂದರೆ ನಂಬಿಕೆಯನ್ನು ಕುರಿತ ವಾಗ್ವಾದವೆಂದು ಹಂಗೆರಿ ಮೂಲದ ಜಾನಪದ ವಿದ್ವಾಂಸೆ ಲಿಂಡಾ ಡೇಗ್ ದೀರ್ಘಕಾಲ ಪ್ರತಿಪಾದಿಸಿದರು. ಅವರ 'ಲೆಜೆಂಡ್ ಅಂಡ್ ಬಿಲೀಫ್' ಗ್ರಂಥ 2001ರಲ್ಲಿ ಪ್ರಕಟವಾಯಿತು. ಅವರ ಪ್ರಕಾರ ನಂಬುವವನು, ಅರೆನಂಬುವವನು, ನಂಬದವನು, ಎದ್ದುನಿಂತು ಅಲ್ಲಗಳೆಯುವವನು ಎಲ್ಲರೂ ಸೇರಿ ಐತಿಹ್ಯವನ್ನು ಕಟ್ಟುತ್ತಾರೆ. ಅದ್ಭುತ ಕಥೆಯಲ್ಲಿ ಈ ವಾಗ್ವಾದಕ್ಕೆ ಎಡೆಯಿಲ್ಲ. 'ಒಂದಾನೊಂದು ಊರಿನಲ್ಲಿ' ಎಂದೊಡನೆ ಕೇಳುಗರು ಸತ್ಯದ ಪ್ರಶ್ನೆಯನ್ನು ಬದಿಗಿಟ್ಟಿರುತ್ತಾರೆ. ಈ ಭೇದವನ್ನು ಮುಂದಿಟ್ಟುಕೊಂಡು ನೋಡಿದರೆ ನಿ-ಚಾನೆರುವಿನ ಎಳೆಗಳಲ್ಲಿ ನಡೆದದ್ದು ಐತಿಹ್ಯ; ಶಿಂಚೋಶಾ ಅಚ್ಚು ಹಾಕಿದ್ದು ಅದ್ಭುತ ಕಥೆ. ಸಂಪಾದಕನು ಒಂದು ವಾಕ್ಯವನ್ನೂ ಹೊಸದಾಗಿ ಬರೆಯಬೇಕಾಗಲಿಲ್ಲ. 'ಊಹೂಂ' ಎಂದವರನ್ನು ಎಬ್ಬಿಸಿ ಹೊರಗೆ ಕಳುಹಿಸಿ, 'ಹೂಂ' ಎಂದವರನ್ನು ಕೂರಿಸಿಕೊಂಡದ್ದರಿಂದಲೇ ಪ್ರಕಾರ ಬದಲಾಯಿತು. ಅಂತರ್ಜಾಲದ ಜನಸಂದಣಿ ಒಬ್ಬ ಅಂಜುಬುರುಕನನ್ನು ಕೈಹಿಡಿದು ನಡೆಸಿತು ಎಂಬ ಹೃದ್ಯವಾದ ಚಿತ್ರವನ್ನು ಈ ಗ್ರಂಥ ಜಗತ್ತಿಗೆ ಕೊಟ್ಟಿತಷ್ಟೆ. ಚಿತ್ರ ಸುಳ್ಳಲ್ಲ, ಅಂತಹ ಮಾತುಗಳನ್ನು ಯಾರೋ ನಿಜವಾಗಿ ಬರೆದಿದ್ದರು. ಆದರೆ ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಹಂಗಿಸಿದವರೂ ಅದೇ ಸಂದಣಿಯವರು.

ಇಷ್ಟನ್ನು ಜಪಾನಿನ ಪ್ರಕಾಶಕರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಡಾಕ್ಟರೇಟ್ ಅಧ್ಯಯನದ ಕ್ಷೇತ್ರಕಾರ್ಯದಲ್ಲಿ ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ಕೆರೆ ಏರಿಗೆ ಸಂಬಂಧಿಸಿದ ಬಲಿಯ ಐತಿಹ್ಯವನ್ನು ವೃದ್ಧೆಯೊಬ್ಬರಿಂದ ಧ್ವನಿಮುದ್ರಿಸಿಕೊಂಡಿದ್ದೆನು. ಜಗುಲಿಯಲ್ಲಿ ಏಳೆಂಟು ಜನರಿದ್ದರು. ಬರಹಕ್ಕಿಳಿಸುವಾಗ ಹೂಂಗುಟ್ಟಿದ್ದನ್ನೆಲ್ಲ ಬಿಟ್ಟೆನು. ಅದು ಅಂದಿನ ವಾಡಿಕೆಯಾಗಿತ್ತು. ಅದರೊಡನೆ ಮೂಲೆಯಲ್ಲಿ ಕುಳಿತ ಮುದುಕರೊಬ್ಬರ ಮಾತನ್ನೂ ಬಿಟ್ಟೆನು. ಪ್ರಬಂಧದ ಅನುಬಂಧದಲ್ಲಿ ಆ ಐತಿಹ್ಯ ಸರಾಗವಾಗಿ ಹರಿಯುವ ಎರಡೂವರೆ ಪುಟಗಳ ಕಥೆಯಾಗಿದೆ. 'ದೆನ್ಶಾ ಒತೊಕೊ'ವಿನ ಇಂಗ್ಲಿಷ್ ಅನುವಾದವನ್ನು ಓದಿ, ಅದರ ಸಂಪಾದನೆಯನ್ನು ಕುರಿತ ಚರ್ಚೆಗಳನ್ನು ಗಮನಿಸಿದ ಮೇಲೆ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದು ಮತ್ತೊಮ್ಮೆ ಕೇಳಿದೆನು. ಸೊಸೆ ತಾನಾಗಿಯೇ ಒಪ್ಪಿ ಕೆರೆಗೆ ಇಳಿದಳೆಂದು ವೃದ್ಧೆ ಹೇಳುವಲ್ಲಿ ಮುದುಕರ ದನಿ ಸ್ಪಷ್ಟವಾಗಿದೆ: "ಅಂಗಲ್ಲ ಕಣಕ್ಕ, ನಮ್ಮವ್ವ ಬ್ಯಾರೆ ಹೇಳೋಳು. ಅವ್ಳು ಒಲ್ಲೆ ಅಂದ್ಲಂತೆ." ವೃದ್ಧೆಯ ಉತ್ತರವೂ ಸ್ಪಷ್ಟವಾಗಿದೆ: "ನಿಮ್ಮವ್ವ ಹೇಳಿದ್ದು ನಿಮ್ಮನೇಲಿರ್ಲಿ ಕಣಪ್ಪ." ಯಾರೋ ನಗುತ್ತಾರೆ. ಕಥೆ ಮುಂದುವರಿಯುತ್ತದೆ. ನನ್ನ ಪ್ರಬಂಧದ ಒಂದು ಅಧ್ಯಾಯವೇ ಆ ಸೊಸೆಯ ಸಮ್ಮತಿಯ ಮೇಲೆ ನಿಂತಿದೆ.

ಜಪಾನಿನಲ್ಲಿ ಇದೇ ಕಾಲದಲ್ಲಿ ಬೆಳೆದ ಮೊಬೈಲ್ ಕಾದಂಬರಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. 1999ರಲ್ಲಿ ದೊಕೊಮೊ ಸಂಸ್ಥೆಯ ಐ-ಮೋಡ್ ಸೇವೆ ಬಂದು ಮೊಬೈಲ್ ಫೋನಿನಲ್ಲಿಯೇ ಅಂತರ್ಜಾಲ ಸಿಗತೊಡಗಿತು. ಯೊಶಿ ಎಂಬ ಅಂಕಿತದ ಲೇಖಕನ 'ಡೀಪ್ ಲವ್' ಈ ಬಗೆಯ ಮೊದಲ ಜನಪ್ರಿಯ ಕೃತಿ. ಮಿಕಾ ಎಂಬ ಅಂಕಿತದಲ್ಲಿ ಬರೆದ 'ಕೊಯಿಜೊರಾ' 2006ರಲ್ಲಿ ಗ್ರಂಥವಾಗಿ, 2007ರಲ್ಲಿ ಚಲನಚಿತ್ರವಾಯಿತು. 2007ರಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳ ಪಟ್ಟಿಯಲ್ಲಿ ಐದು ಮೊಬೈಲಿನಲ್ಲಿ ಹುಟ್ಟಿದವು. ಕಂತು ಕಂತಾಗಿ ಬರುತ್ತಿದ್ದ ಈ ಕಥೆಗಳಿಗೆ ಓದುಗರು ಕೂಡಲೇ ಪ್ರತಿಕ್ರಿಯೆ ಬರೆಯುತ್ತಿದ್ದರು, ಬರೆಯುವವರು ಅದನ್ನು ನೋಡಿಕೊಂಡು ಮುಂದಿನ ಕಂತಿಗೆ ಹೋಗುತ್ತಿದ್ದರು. ಅಚ್ಚಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಗುವ ಜಪಾನಿ ಕಾದಂಬರಿಯ ಸಾಂಪ್ರದಾಯಿಕ ಸಾಲುಗಳನ್ನು ಬಿಟ್ಟು, ಫೋನಿನ ಪರದೆಯಂತೆ ಎಡದಿಂದ ಬಲಕ್ಕೆ ಸಾಗುವ ಗಿಡ್ಡ ಸಾಲುಗಳನ್ನೇ ಉಳಿಸಿಕೊಂಡರು. ಓದುಗರ ಪ್ರತಿಕ್ರಿಯೆಗಳು ಮಾತ್ರ ಅಚ್ಚಿಗೆ ಬರಲಿಲ್ಲ. ಇವು ಸಾಹಿತ್ಯವೇ ಎಂದು ಹಿರಿಯರು ಮೂಗು ಮುರಿಯುತ್ತಿದ್ದಾಗ, 'ಗೆಂಜಿ'ಯ ಕಥೆಯನ್ನು ಆಧುನಿಕ ಜಪಾನಿಗೆ ತಂದ ಬೌದ್ಧ ಸನ್ಯಾಸಿನಿ ಜಕುಚೊ ಸೆತೊಉಚಿ 2008ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಬೇರೆ ಹೆಸರಿನಲ್ಲಿ ತಾವೂ ಒಂದು ಮೊಬೈಲ್ ಕಾದಂಬರಿಯನ್ನು ಬರೆದು, ಆಮೇಲೆ ಹೆಸರು ಬಹಿರಂಗಪಡಿಸಿದರು.

ಮುಂದಿನ ವರ್ಷಗಳಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಬಂದ ಹೆಸರಾಂತ ಕೃತಿಗಳು ಮತ್ತೆ ಥೇಯರ್ ಅವರ ದಾರಿಯವು. ಡೇವ್ ಎಗರ್ಸ್ ಅವರ 'ದಿ ಸರ್ಕಲ್' (2013) ಒಂದು ಬೃಹತ್ ಅಂತರ್ಜಾಲ ಸಂಸ್ಥೆಯೊಳಗೆ ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆಂಬ ಕಟ್ಟಳೆ ಹೇಗೆ ಬೆಳೆಯುತ್ತದೆ ಎಂಬುದನ್ನು ಚಿತ್ರಿಸುತ್ತದೆ. ಪ್ರಬಂಧದಂತೆ ಒಂದೇ ವಾದವನ್ನು ಹಿಡಿದು ಹೋಗುವ ಕಾದಂಬರಿಯದು. ಪೆಟ್ರೀಶಿಯಾ ಲಾಕ್‌ವುಡ್ ಅವರ 'ನೋ ಒನ್ ಈಸ್ ಟಾಕಿಂಗ್ ಅಬೌಟ್ ದಿಸ್' (2021) ಇದಕ್ಕಿಂತ ಸೂಕ್ಷ್ಮವಾದದ್ದು. ಮೊದಲ ಅರ್ಧದಲ್ಲಿ ಸಾಮಾಜಿಕ ಜಾಲತಾಣದ ಬಿಡಿ ಬಿಡಿ ತುಣುಕುಗಳು ನಾಯಕಿಯ ತಲೆಯೊಳಗೆ ತುಂಬಿಕೊಂಡು, ಯೋಚಿಸುತ್ತಿರುವುದು ಅವಳೋ ಸಂದಣಿಯೋ ಎಂದು ಬೇರ್ಪಡಿಸಲಾಗದ ಸ್ಥಿತಿ ಬರುತ್ತದೆ. ದ್ವಿತೀಯಾರ್ಧದಲ್ಲಿ ಅಪರೂಪದ ಕಾಯಿಲೆಯೊಡನೆ ಹುಟ್ಟಿದ ತಂಗಿಯ ಮಗು ಅವಳನ್ನು ಆ ಲೋಕದಿಂದ ಈಚೆಗೆ ಎಳೆಯುತ್ತದೆ. ಅನೇಕರ ದನಿಯನ್ನು ಒಬ್ಬರ ಕಿವಿಯಿಂದ ಕೇಳಿಸುವುದರಲ್ಲಿ ಲಾಕ್‌ವುಡ್ ಗೆದ್ದಿದ್ದಾರೆ. ಹಾಗಿದ್ದೂ ಅಲ್ಲಿ ಬೇರೆಯವರಾರೂ ತಾವಾಗಿ ಬಾಯಿ ತೆರೆಯುವುದಿಲ್ಲ. ಸಾಹಿತ್ಯ ಕೃತಿಯಾಗಿ 'ದೆನ್ಶಾ ಒತೊಕೊ' ಇದರ ಪಕ್ಕದಲ್ಲಿ ನಿಲ್ಲಲಾರದು, ಅದರ ಗದ್ಯ ಬಹುಪಾಲು ಉದ್ಗಾರಗಳಿಂದ ಕೂಡಿದ್ದು. ದಾಖಲೆಯಾಗಿ ಮಾತ್ರ ಅದಕ್ಕೆ ಬೇರೆ ತೂಕವಿದೆ. ಸಾಮಾನ್ಯರು ತಮ್ಮದೇ ಮಾತಿನಲ್ಲಿ, ತಮ್ಮದೇ ಕಾಗುಣಿತ ತಪ್ಪುಗಳೊಡನೆ, ಒಂದು ಕಥೆಯನ್ನು ಹೇಗೆ ಕೇಳುತ್ತಾರೆ ಎಂಬುದು ಇಷ್ಟು ವಿವರವಾಗಿ ಅಚ್ಚಾದ ಉದಾಹರಣೆಗಳು ಹೆಚ್ಚಿಲ್ಲ.

ಮಂಡ್ಯ ಸೀಮೆಯ ಆ ಐತಿಹ್ಯವನ್ನು ಈಗ ಪುನಃ ಬರಹಕ್ಕಿಳಿಸಿದ್ದೇನೆ. ಹೇಳುವವರ ಮಾತು ಎಡಕ್ಕೂ, ಕೇಳುವವರ ಮಾತು ಬಲಕ್ಕೂ ಬರುವಂತೆ ಎರಡು ಸಾಲುಗಳನ್ನು ಮಾಡಿಕೊಂಡಿದ್ದೇನೆ. ಎರಡೂವರೆ ಪುಟಗಳಿದ್ದುದು ಒಂಬತ್ತು ಪುಟಗಳಾಗಿದೆ. ಬಲಗಡೆಯ ಸಾಲಿನಲ್ಲಿ ಆರು ಬೇರೆ ಬೇರೆ ದನಿಗಳನ್ನು ಗುರುತಿಸಿದ್ದೇನೆ. ಮುದುಕರದೊಂದನ್ನು ಬಿಟ್ಟರೆ ಉಳಿದವು ಯಾರವೆಂಬುದನ್ನು ಅಂದು ನಾನು ಬರೆದಿಟ್ಟುಕೊಳ್ಳಲಿಲ್ಲವಾದ್ದರಿಂದ ಆ ಐವರನ್ನು 'ಹೆಸರಿಲ್ಲದವರು' ಎಂದೇ ನಮೂದಿಸಿದೆ. ಮುದುಕರು ತಮ್ಮ ತಾಯಿ ಹೇಳುತ್ತಿದ್ದ ಕಥೆಯನ್ನು ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಮತ್ತೆ ಎತ್ತಿಕೊಳ್ಳುತ್ತಾರೆ. ಸೊಸೆ ಏರಿಯ ಮೇಲೆ ನಿಂತು ಮಾವನಿಗೆ ಏನೆಂದಳು ಎಂಬಲ್ಲಿಗೆ ಬರುವಾಗ, ಅದು ನನ್ನ ವಿಷಯಕ್ಕೆ ಬೇಡದ ಮಾತೆಂದು ತಿಳಿದು ನಾನು ಯಂತ್ರವನ್ನು ನಿಲ್ಲಿಸಿದ ಸದ್ದು ಕೇಳುತ್ತದೆ.